ಅಜ್ಜಿಯ ಹೋಟೆಲಿನ ನೆನಪು: ಏನನ್ನು ಬರೆದಿಡಬೇಕು, ಹೇಗೆ

(ಮನೆತನದ ನೆನಪುಗಳನ್ನು ದಾಖಲಿಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಣ್ಣ ಊರೊಂದರಲ್ಲಿ ಮೂವತ್ತು ನಲವತ್ತು ವರ್ಷ ಹೋಟೆಲು ನಡೆಸಿದ ಹಿರಿಯ ಹೆಂಗಸೊಬ್ಬರು ತೀರಿಕೊಂಡಾಗ ಬರೆಯುವ ನುಡಿನಮನಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ ನೋಡಿ. ಹೆಸರು ಬದಲಿಸಿದರೆ ಸಾಕು, ಯಾರಿಗೆ ಬೇಕಾದರೂ ಹೊಂದುತ್ತವೆ. ಅನ್ನಪೂರ್ಣೆ, ಕರುಣಾಮಯಿ, ಕೈರುಚಿಗೆ ಹೆಸರಾದವರು, ಬಂದವರಿಗೆಲ್ಲ ತಾಯಿಯಂತಿದ್ದವರು. ಸುಳ್ಳೇನೂ ಅಲ್ಲ. ಆದರೆ ಬೆಳಗಿನ ಜಾವ ಎಷ್ಟು ಕಿಲೋ ಹಿಟ್ಟು ಕಲಸಬೇಕೆಂದು ಅವರು ಹೇಗೆ ನಿರ್ಧರಿಸುತ್ತಿದ್ದರು, ಮಳೆ ಹಿಡಿದ ದಿನ ಎಷ್ಟು ಇಳಿಸುತ್ತಿದ್ದರು, ಯಾರಿಗೆ ಎಷ್ಟು ದಿನ ಉದ್ರಿ ಬಿಡುತ್ತಿದ್ದರು, ರಾತ್ರಿ ಉಳಿದದ್ದು ಎಲ್ಲಿಗೆ ಹೋಗುತ್ತಿತ್ತು ಎಂಬುದು ಒಂದರಲ್ಲೂ ಸಿಗುವುದಿಲ್ಲ. ಅವರು ಮಾಡಿದ್ದು ಉದ್ಯೋಗ. ಲೆಕ್ಕಾಚಾರ, ಅಂದಾಜು, ಜನರನ್ನು ನಿಭಾಯಿಸುವುದು ಎಲ್ಲವೂ ಇದ್ದ ಕಷ್ಟದ ಉದ್ಯೋಗ. ಆ ಉದ್ಯೋಗವನ್ನು ಬರೆದಿಟ್ಟರೆ ಮನುಷ್ಯರು ತಾವಾಗಿಯೇ ಕಾಣುತ್ತಾರೆ. ಹಾಗಾಗಿ ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಮೊದಲು ಕೈ ಅಳತೆ. ಅಜ್ಜಿ ಇನ್ನೂ ಇದ್ದಾರೆ, ಒಲೆಯ ಮುಂದೆ ಅರ್ಧ ಗಂಟೆ ನಿಲ್ಲುವಷ್ಟು ಶಕ್ತಿಯಿದೆ ಎಂದಾದರೆ ಬೇರೆಲ್ಲ ಆಮೇಲೆ, ಇದು ಈ ವಾರವೇ ಆಗಲಿ. ಹೆಚ್ಚಿನವರು ಮಾಡುವುದೇನೆಂದರೆ, ಅವರು ಹಿಡಿ ತುಂಬಿದ ಕೂಡಲೇ "ತಡಿ ಅಜ್ಜಿ, ಈ ಬಟ್ಟಲಿಗೆ ಹಾಕು, ತೂಗುತ್ತೇನೆ" ಎನ್ನುವುದು. ಅಷ್ಟು ಹೇಳಿದ್ದೇ ತಡ, ಕೈ ಎಚ್ಚರವಾಗುತ್ತದೆ. ಎರಡನೇ ಹಿಡಿ ಬೇರೆಯೇ ಆಗಿರುತ್ತದೆ, ಮೂರನೆಯದು ಇನ್ನೂ ಬೇರೆ. ಅದರ ಬದಲು ಉಪ್ಪಿನ ಡಬ್ಬಿಯನ್ನೇ ತಕ್ಕಡಿಯ ಮೇಲೆ ಇಟ್ಟುಬಿಡಿ. ಡಬ್ಬಿಯ ತೂಕ ಬರೆದುಕೊಳ್ಳಿ, ಅವರು ಎಂದಿನಂತೆ ಕೈ ಹಾಕಿ ತೆಗೆಯಲಿ, ಆಮೇಲೆ ಮತ್ತೆ ತೂಕ ನೋಡಿ. ಡಬ್ಬಿಯಲ್ಲಿ ಕಡಿಮೆಯಾದದ್ದೇ ಪಾತ್ರೆಗೆ ಬಿದ್ದದ್ದು. ಎಣ್ಣೆಯ ಕ್ಯಾನು, ಹಿಟ್ಟಿನ ಡಬ್ಬ, ಸಕ್ಕರೆ, ಎಲ್ಲಕ್ಕೂ ಇದೇ ದಾರಿ. ಅವರ ಕೆಲಸ ಒಂದು ಕ್ಷಣವೂ ನಿಲ್ಲಬೇಕಾಗಿಲ್ಲ.

ಇದಕ್ಕೆ ಎರಡು ತಕ್ಕಡಿ ಬೇಕು. 5 ಅಥವಾ 10 ಕಿಲೋ ತಡೆಯುವ, 1 ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು. ಮಸಾಲೆ ಸಾಮಾನಿಗೆ 0.1 ಗ್ರಾಂ ತೋರಿಸುವ ಚಿಕ್ಕದು ಇನ್ನೊಂದು. ದೊಡ್ಡ ತಕ್ಕಡಿಯಲ್ಲಿ 2 ಗ್ರಾಂ ಚಕ್ಕೆ ತೂಗಲು ಹೋದರೆ ಅದು ಒಂದು ಎಂದೂ ತೋರಿಸಬಹುದು, ಮೂರು ಎಂದೂ ತೋರಿಸಬಹುದು. ಸೊನ್ನೆ ಮಾಡುವ ಬಟನ್ ನಂಬಬೇಡಿ. ಬ್ಯಾಟರಿ ಉಳಿಸಲು ಈ ತಕ್ಕಡಿಗಳು ಎರಡು ಮೂರು ನಿಮಿಷಕ್ಕೆ ತಾವೇ ಆರಿಹೋಗುತ್ತವೆ, ಸೊನ್ನೆ ಮಾಡಿಟ್ಟ ಲೆಕ್ಕವೂ ಜೊತೆಗೇ ಹೋಗುತ್ತದೆ. ಪ್ರತಿ ಸಲವೂ ಮೊದಲಿನ ತೂಕ, ಕೊನೆಯ ತೂಕ ಎರಡನ್ನೂ ಕಾಗದದ ಮೇಲೆ ಬರೆದರೆ ಈ ತಾಪತ್ರಯವಿಲ್ಲ.

ಒಂದೇ ಸಲ ತೂಗಿ ಮುಗಿಸಬೇಡಿ. ಕನಿಷ್ಠ ಮೂರು ಸಲದ ಅಡುಗೆ, ಸಾಧ್ಯವಾದರೆ ಐದು. ಸರಾಸರಿಯ ಜೊತೆಗೆ ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ಎಂಬುದನ್ನೂ ಬರೆಯಿರಿ. ಉಪ್ಪು ಪ್ರತಿ ಸಲ 52ರಿಂದ 55 ಗ್ರಾಂ ಒಳಗೇ ಬಂದು, ಸಕ್ಕರೆ 30ರಿಂದ 70ರವರೆಗೆ ಓಡಾಡಿತು ಅನ್ನಿ. ಉಪ್ಪಿನ ವಿಷಯದಲ್ಲಿ ಅವರು ಕಟ್ಟುನಿಟ್ಟು, ಸಕ್ಕರೆಯನ್ನು ಮಾತ್ರ ಆ ದಿನದ ಟೊಮೆಟೊ ಎಷ್ಟು ಹುಳಿ ಎಂದು ನೋಡಿ ಹಾಕುತ್ತಾರೆ ಎಂದು ಗೊತ್ತಾಗುತ್ತದೆ. ಸರಾಸರಿ ಒಂದನ್ನೇ ಬರೆದರೆ ಈ ತಿಳಿವಳಿಕೆ ಕೈತಪ್ಪುತ್ತದೆ.

ಉಪ್ಪು ಯಾವ ಬಗೆಯದು ಎಂದೂ ಬರೆಯಬೇಕು. ಪುಡಿ ಉಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ತೂಗುತ್ತದೆ. ಹರಳುಪ್ಪು ಅದೇ ಚಮಚದಲ್ಲಿ ಕಡಿಮೆ ತೂಗುತ್ತದೆ, ಎಷ್ಟು ಕಡಿಮೆ ಎಂಬುದು ಹರಳಿನ ಗಾತ್ರಕ್ಕೆ ಬಿಟ್ಟದ್ದು. ಹಿಟ್ಟಿನದೂ ಇದೇ ಕಥೆ. 240 ಮಿಲಿಯ ಕಪ್ಪಿನಲ್ಲಿ ಜರಡಿ ಹಿಡಿದ ಗೋಧಿ ಹಿಟ್ಟು 120 ಗ್ರಾಂ ಇದ್ದರೆ, ಒತ್ತಿ ತುಂಬಿದ್ದು 150 ಗ್ರಾಂ ದಾಟಬಹುದು. "ಎರಡು ಕಪ್ಪು" ಎಂದು ಬರೆದಿಟ್ಟ ಮೊಮ್ಮಕ್ಕಳ ಹಿಟ್ಟು ಒಮ್ಮೆ ಗಟ್ಟಿ, ಒಮ್ಮೆ ಸಡಿಲ ಆಗುವುದು ಇದರಿಂದಲೇ.

ಅವರ ಸೌಟು, ಲೋಟ, ಅಳತೆಯ ಡಬ್ಬಿಗಳಿಗೆ ನೀರು ತುಂಬಿ ತೂಗಿ. ಒಂದು ಗ್ರಾಂ ನೀರು ಎಂದರೆ ಒಂದು ಮಿಲಿ. ಅಂಚಿನವರೆಗೆ ತುಂಬಿದ ಅಳತೆ ಬೇರೆ, ಅವರು ನಿಜವಾಗಿ ತುಂಬುವ ಅಳತೆ ಬೇರೆ. ಎರಡನ್ನೂ ಬರೆದು ಆ ಪಾತ್ರೆಗೇ ಒಂದು ಚೀಟಿ ಕಟ್ಟಿ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಯಸ್ಸಾದಂತೆ ನಾಲಿಗೆಯ ಚುರುಕೂ ಮೂಗಿನ ಚುರುಕೂ ಕುಗ್ಗುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ರುಚಿಯನ್ನು ಬದಲಿಸುತ್ತವೆ. ಎಂಬತ್ತರ ಅಜ್ಜಿ ಇವತ್ತು ಹಾಕುವ ಉಪ್ಪು, ಐವತ್ತರ ವಯಸ್ಸಿನಲ್ಲಿ ಹೋಟೆಲಿನಲ್ಲಿ ಹಾಕುತ್ತಿದ್ದ ಉಪ್ಪಿಗಿಂತ ಜಾಸ್ತಿಯಿರಬಹುದು. ಆದ್ದರಿಂದ ತೂಕದ ಪಕ್ಕದಲ್ಲಿ ತಾರೀಖು ಮತ್ತು ಅವರ ವಯಸ್ಸು ಇರಲಿ. ಆ ಕಾಲದಲ್ಲಿ ಅಡುಗೆಮನೆಯಲ್ಲಿ ಕೈ ಜೋಡಿಸುತ್ತಿದ್ದ ಹಳೆಯ ಸಹಾಯಕರು ಯಾರಾದರೂ ಇದ್ದರೆ ಅದೇ ಅಡುಗೆಯನ್ನು ಅವರಿಂದಲೂ ಮಾಡಿಸಿ ತೂಗಿ ನೋಡಿ. ಅಜ್ಜಿಯ ಮುಂದೆ ಈ ಹೋಲಿಕೆ ಬೇಡ.

ಹೋಟೆಲಿನ ಅಳತೆಯನ್ನು ಮನೆಯ ಅಳತೆಗೆ ಇಳಿಸುವಾಗ ಎಡವುವವರೇ ಹೆಚ್ಚು. 20 ಲೀಟರಿನ ಲೆಕ್ಕವನ್ನು ಹತ್ತರಿಂದ ಭಾಗಿಸಿ 2 ಲೀಟರು ಮಾಡುತ್ತಾರೆ. ಮಾಡಿದ್ದು ಮಂದವಾಗಿ ಉಪ್ಪುಪ್ಪಾಗುತ್ತದೆ. ಪಾತ್ರೆಯ ಆಕಾರ ಅದೇ ಇದ್ದು ಹಿಡಿಯುವ ಪ್ರಮಾಣ ಹತ್ತನೇ ಒಂದಕ್ಕೆ ಇಳಿದರೂ ಬಾಯಿಯ ಅಗಲ ಅಷ್ಟು ಇಳಿಯುವುದಿಲ್ಲ. ಆವಿಯಾಗುವ ಮೇಲ್ಮೈ ಸುಮಾರು 4.6ನೇ ಒಂದು ಭಾಗಕ್ಕೆ ಮಾತ್ರ ಇಳಿಯುತ್ತದೆ. ಅಂದರೆ ಅಷ್ಟೇ ಹೊತ್ತು ಕುದಿಸಿದರೆ ಚಿಕ್ಕ ಪಾತ್ರೆಯಲ್ಲಿ, ಪ್ರಮಾಣಕ್ಕೆ ಹೋಲಿಸಿದಾಗ, ಎರಡು ಪಟ್ಟಿಗೂ ಹೆಚ್ಚು ನೀರು ಹಾರುತ್ತದೆ. ಒಂದೋ ಮುಚ್ಚಳ ಹಾಕಬೇಕು, ಇಲ್ಲವೇ ನೀರು ಹೆಚ್ಚಿಸಬೇಕು. ಇವೆರಡಕ್ಕಿಂತ ಭದ್ರವಾದ ದಾರಿಯೆಂದರೆ ಮುಗಿದ ಅಡುಗೆಯ ತೂಕವನ್ನೇ ಗುರಿಯಾಗಿಟ್ಟುಕೊಳ್ಳುವುದು. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡು, ಒಲೆಯಿಂದ ಇಳಿಸಿದ ಮೇಲೆ ಮತ್ತೆ ತೂಗಿ ಕಳೆಯಿರಿ. 30 ಕಿಲೋ ಅಡುಗೆಗೆ 270 ಗ್ರಾಂ ಉಪ್ಪು ಬಿದ್ದಿದ್ದರೆ ಅದು ಶೇ. 0.9. ಮನೆಯಲ್ಲಿ ಒಂದೂವರೆ ಕಿಲೋ ಮಾಡುವಾಗ ಹದಿಮೂರೂವರೆ ಗ್ರಾಂ. ಈ ಶೇಕಡಾ ಲೆಕ್ಕ ಎಲ್ಲಿಗೆ ಹೋದರೂ ಕೈ ಕೊಡುವುದಿಲ್ಲ.

ಸಮಯದ ಲೆಕ್ಕವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಈರುಳ್ಳಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೇ. 89ರ ಹತ್ತಿರ ನೀರು. 5 ಕಿಲೋ ಈರುಳ್ಳಿ ಕೆಂಪಗಾಗಲು 2 ಕಿಲೋ ನೀರು ಹಾರಬೇಕು ಎಂದುಕೊಳ್ಳೋಣ. ಕುದಿಯುತ್ತಿರುವ ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಪಾತ್ರೆಯ ಒಳಕ್ಕೆ ನಿಜವಾಗಿ ಇಳಿಯುವ ಶಾಖ 3 ಕಿಲೋವ್ಯಾಟ್ ಇದ್ದರೆ ಬರೀ ನೀರು ಹಾರಲು 25 ನಿಮಿಷ ಹಿಡಿಯುತ್ತದೆ. ಅಲ್ಲಿಯವರೆಗೂ ಈರುಳ್ಳಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. "ಹತ್ತು ನಿಮಿಷ ಹುರಿಯಿರಿ" ಎಂದು ಬರೆದುಕೊಂಡವರು ದೊಡ್ಡ ಪಾತ್ರೆಯಲ್ಲಿ ಬೆಳ್ಳಗಿನ ಈರುಳ್ಳಿಯ ಮೇಲೇ ಉಳಿದದ್ದನ್ನು ಸುರಿದು, ಅಜ್ಜಿಯ ರುಚಿ ಬರಲಿಲ್ಲ ಎನ್ನುತ್ತಾರೆ. ನಿಮಿಷದ ಜೊತೆಗೆ ಗುರುತನ್ನೂ ಬರೆಯಿರಿ: ಸದ್ದು ಚರಚರ ಎನ್ನುವುದರಿಂದ ಸಣ್ಣಗೆ ಸಿಡಿಯುವುದಕ್ಕೆ ಬದಲಾದದ್ದು, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡದ್ದು, ಹಸಿ ವಾಸನೆ ಹೋದದ್ದು. ಅನುಭವಿಗಳು ಗಡಿಯಾರ ನೋಡುವುದು ಕಡಿಮೆ, ಕಿವಿಗೊಡುವುದು ಹೆಚ್ಚು.

ಹೋಟೆಲಿದ್ದ ಊರು ಒಂದು, ಮೊಮ್ಮಕ್ಕಳು ಈಗ ಇರುವ ಊರು ಇನ್ನೊಂದು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 900 ಮೀಟರ್ ಎತ್ತರದಲ್ಲಿ ಅದು 97ರ ಆಸುಪಾಸು. ಬೇಳೆಕಾಳು ಬೇಯುವ ಹೊತ್ತು ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ನೀರಿನ ಗಡಸುತನ ಇದಕ್ಕಿಂತ ದೊಡ್ಡ ತೊಡಕು. ಗಡಸು ನೀರಿನ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಬಿಗಿಗೊಳಿಸುತ್ತದೆ, ಚಹಾದ ಬಣ್ಣ ಮಂಕಾಗಿಸಿ ಮೇಲೆ ಕೆನೆಯಂಥ ಪದರ ಕಟ್ಟಿಸುತ್ತದೆ. ಕಾಳು ಮೆತ್ತಗಾಗುವ ಮೊದಲೇ ಹುಳಿ ಹಾಕಿದರೂ ಅದು ಬೇಯದೆ ಹಟ ಹಿಡಿಯುತ್ತದೆ. ಹೋಟೆಲಿನ ಬಾವಿಯೋ ನಲ್ಲಿಯೋ ಇನ್ನೂ ಇದ್ದರೆ ಒಂದು ಬಾಟಲಿ ನೀರಿನ ಗಡಸುತನ ಪರೀಕ್ಷೆ ಮಾಡಿಸಿ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಹಿಟ್ಟು ಹುದುಗಿಸುವ ಅಡುಗೆಯಾದರೆ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಹುದುಗಿಗೆ ಹಿಡಿಸುವ ಮಿತಿಯೊಳಗೆ 10 ಡಿಗ್ರಿ ಏರಿದರೆ ವೇಗ ಸುಮಾರಾಗಿ ಎರಡು ಪಟ್ಟಾಗುತ್ತದೆ. ಚಳಿಗಾಲದಲ್ಲಿ ಅಜ್ಜಿ ಸಂಜೆ ಮುಂಚೆಯೇ ಹಿಟ್ಟು ಕಲಸುತ್ತಿದ್ದುದಕ್ಕೆ ಕಾರಣ ಇದು.

ಅವರು ಇಲ್ಲವಾದ ಮೇಲೆ ಶುರು ಮಾಡುವವರಿಗೆ ಪಾತ್ರೆಗಳು ಬಹಳಷ್ಟು ಹೇಳುತ್ತವೆ. ಹಳೆಯ ದೊಡ್ಡ ಹಂಡೆಯ ಒಳಗೋಡೆಯನ್ನು ಟಾರ್ಚು ಹಿಡಿದು ಓರೆಯಾಗಿ ನೋಡಿ. ವರ್ಷಗಟ್ಟಲೆ ಒಂದೇ ಮಟ್ಟಕ್ಕೆ ನೀರು ತುಂಬಿದ್ದರೆ ಸುಣ್ಣದ ಬಿಳಿ ಗೆರೆಯೊಂದು ಸುತ್ತ ಕಟ್ಟಿರುತ್ತದೆ. ನೇರ ಗೋಡೆಯ ಹಂಡೆಯ ಒಳ ಅಗಲ 40 ಸೆಂಟಿಮೀಟರ್, ಗೆರೆ ಇರುವ ಎತ್ತರ 22 ಎಂದಾದರೆ ಅಲ್ಲಿಯವರೆಗೆ ಸುಮಾರು ಇಪ್ಪತ್ತೇಳೂವರೆ ಲೀಟರು. ಗೋಡೆ ಬಾಗಿದ್ದರೆ ಲೆಕ್ಕ ಹಾಕುತ್ತಾ ಕೂರಬೇಡಿ, ಅಳತೆಯ ಬಕೆಟ್ಟಿನಿಂದ ನೀರು ಸುರಿದು ಎಣಿಸಿ. ಸೌಟಿನ ತುದಿ ಒಂದು ಬದಿಗೆ ಓರೆಯಾಗಿ ಸವೆದಿದ್ದರೆ ತಳ ಕೆರೆದು ತಿರುಗಿಸುವ ಅಡುಗೆಯಲ್ಲಿ ಬಳಸಿದ್ದು, ಸವೆದ ಬದಿ ಯಾವುದೆಂದು ನೋಡಿದರೆ ಬಲಗೈಯೋ ಎಡಗೈಯೋ ಎಂಬುದೂ ತಿಳಿಯುತ್ತದೆ. ಹಾಗಾಗಿ ಪಾತ್ರೆಗಳನ್ನು ಉಜ್ಜಿ ಬೆಳಗಿಸುವ ಮೊದಲು ಒಳಗೂ ಹೊರಗೂ ಫೋಟೋ ತೆಗೆದುಕೊಳ್ಳಿ. ತಿಥಿಗೆ ಬಂದ ನೆಂಟರು ಪ್ರೀತಿಯಿಂದ ಹುಣಿಸೆಹಣ್ಣು ಹಾಕಿ ತಿಕ್ಕಿ, ಆ ಬಿಳಿ ಗೆರೆಯನ್ನು ಒಂದೇ ಮಧ್ಯಾಹ್ನದಲ್ಲಿ ಅಳಿಸಿಬಿಡುತ್ತಾರೆ.

ಕಬ್ಬಿಣದ ಕಾವಲಿಯ ಕರಿ ಪದರ ಕೊಳೆಯಲ್ಲ. ಎಣ್ಣೆ ಕಾದು ಕಾದು ಗಟ್ಟಿಯಾಗಿ ಕೂತ ಲೇಪ. ಅದನ್ನು ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬೆಳಿಗ್ಗೆ ತುಕ್ಕು ಹಿಡಿದಿರುತ್ತದೆ. ನೆನಪಿಗೆಂದು ಇಡುವುದಾದರೆ ಒರೆಸಿ, ಸಣ್ಣ ಉರಿಯಲ್ಲಿ ತೇವವೆಲ್ಲ ಹಾರಿಸಿ, ಬಟ್ಟೆಗೆ ತಾಗಿದಷ್ಟೇ ಎಣ್ಣೆ ಸವರಿ ಇಡಿ. ಧಾರಾಳವಾಗಿ ಸವರಿದರೆ ಎಣ್ಣೆ ಅಂಟಾಗಿ ಕಮಟು ನಾತ ಹಿಡಿಯುತ್ತದೆ. ತಾಮ್ರದ ಪಾತ್ರೆಗೆ ಒಳಗೆ ಕಲಾಯಿ ಇದ್ದರೆ ಖಾಲಿ ಇಟ್ಟು ಕಾಯಿಸಬೇಡಿ, ತವರ 232 ಡಿಗ್ರಿಗೇ ಕರಗುತ್ತದೆ. ಕಲಾಯಿ ಹೋಗಿ ಕೆಂಪು ಕಾಣುತ್ತಿದ್ದರೆ ಅದರಲ್ಲಿ ಹುಳಿಯ ಅಡುಗೆ ಬೇಡವೇ ಬೇಡ.

ಇನ್ನು ಮಾತಿನ ದಾಖಲೆ. ಕುರ್ಚಿ ಹಾಕಿ ಕೂರಿಸಿ "ನಿಮ್ಮ ಜೀವನದ ಬಗ್ಗೆ ಹೇಳಿ" ಎಂದರೆ ದುಡಿದ ಹೆಂಗಸರು ಹೇಳುವುದು ಎರಡೇ ಮಾತು: "ಏನಿದೆ ಹೇಳೋಕೆ, ಮಾಡಿದ್ವಿ." ಅವರ ನೆನಪು ಕೆಲಸದ ಜೊತೆ ಬರುತ್ತದೆ. ಆದರೆ ಅಡುಗೆಮನೆಯಲ್ಲಿ ಬರ್ನರಿನ ಭೋರ್ಗರೆತ, ಫ್ಯಾನು, ಪಾತ್ರೆಗಳ ಸದ್ದು. ಮಾತು ಸರಿಯಾಗಿ ದಾಖಲಾಗುವುದಿಲ್ಲ. ಇದಕ್ಕೆ ಎರಡು ಹಂತದ ಉಪಾಯವಿದೆ. ಮೊದಲು ಅವರು ಕೆಲಸ ಮಾಡುವುದನ್ನು ಸುಮ್ಮನೆ ವಿಡಿಯೊ ಮಾಡಿ. ಮುಖಕ್ಕಿಂತ ಕೈ ಕಾಣುವಂತೆ, ಕ್ಯಾಮೆರಾ ಅಲುಗದಂತೆ. ಮಾರನೆಯ ದಿನ ಸದ್ದಿಲ್ಲದ ಕೋಣೆಯಲ್ಲಿ ಅದೇ ವಿಡಿಯೊ ಅವರಿಗೆ ತೋರಿಸುತ್ತಾ ಅವರ ಮಾತನ್ನು ಧ್ವನಿಮುದ್ರಣ ಮಾಡಿ. "ನೋಡು, ಅಲ್ಲಿ ಉರಿ ತಗ್ಗಿಸಿದೆ, ಯಾಕೆ ಅಂದರೆ..." ಎಂದು ಅವರೇ ಶುರು ಮಾಡುತ್ತಾರೆ.

ಕಾಲರಿಗೆ ಸಿಕ್ಕಿಸುವ ಮೈಕು ಬಾಯಿಯಿಂದ 15–20 ಸೆಂಟಿಮೀಟರ್ ದೂರದಲ್ಲಿರಲಿ, ಸೆರಗಿಗೆ ಉಜ್ಜದಂತೆ, ಸರಕ್ಕೆ ತಾಗದಂತೆ ಇರಲಿ. ಫೋನ್ ಫ್ಲೈಟ್ ಮೋಡಿನಲ್ಲಿರಲಿ. ಧ್ವನಿಯನ್ನು ಕುಗ್ಗಿಸದೆ ಉಳಿಸುವ ವೇವ್ (WAV) ಮಾದರಿಯಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಂಡರೆ ಒಂದೇ ಮೈಕಿನ ಒಂದು ಗಂಟೆಯ ಮಾತಿಗೆ ಸುಮಾರು 520 ಎಂಬಿ ಜಾಗ ಬೇಕು, ಮೊದಲೇ ನೋಡಿಕೊಳ್ಳಿ. ಫ್ರಿಜ್ಜಿನ ಗುಂಯ್ ಸದ್ದು ಕಿವಿಗೆ ಗೊತ್ತಾಗದಿದ್ದರೂ ಮೈಕಿಗೆ ಗೊತ್ತಾಗುತ್ತದೆ, ಆರಿಸಿ. ಮತ್ತೆ ಹಾಕಲು ಮರೆಯದಂತೆ ನಿಮ್ಮ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೆ ಇಡುವುದು ಧ್ವನಿಮುದ್ರಕರ ಹಳೆಯ ಉಪಾಯ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು.

ಪ್ರಶ್ನೆಗಳು ಸಣ್ಣವಿರಲಿ, ವಸ್ತುವಿಗೆ ಅಂಟಿಕೊಂಡಿರಲಿ. ಬೆಳಿಗ್ಗೆ ಮೊದಲು ಯಾವ ಒಲೆ ಹಚ್ಚುತ್ತಿದ್ದಿರಿ? ಮೊದಲ ಗಿರಾಕಿ ಬರುವಾಗ ಏನು ಸಿದ್ಧವಿರುತ್ತಿತ್ತು, ಏನು ಇರುತ್ತಿರಲಿಲ್ಲ? ಸಪ್ಲೈ ಮಾಡುವ ಹುಡುಗ ಬರದಿದ್ದ ದಿನ ಯಾವ ತಿಂಡಿ ಕೈಬಿಡುತ್ತಿದ್ದಿರಿ? ಕೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಬಾಯಿ ತೆರೆಯಬೇಡಿ. ಇಸವಿ ತಪ್ಪಿದರೆ ಅಲ್ಲೇ ತಿದ್ದಲು ಹೋಗಬೇಡಿ. "ಅದು ದೊಡ್ಡ ಮಗಳ ಮದುವೆಗೆ ಮೊದಲೋ ಆಮೇಲೋ?" ಎಂದು ಕೇಳಿದರೆ ಇಸವಿ ತಾನಾಗಿ ಸಿಗುತ್ತದೆ. ಯಾವ ಭಾಗ ಯಾರು ಕೇಳಬಹುದು ಎಂಬುದನ್ನೂ ಅವರನ್ನೇ ಕೇಳಿ, ಆ ಉತ್ತರವೂ ಧ್ವನಿಮುದ್ರಣದಲ್ಲೇ ಇರಲಿ. ಫೈಲಿನ ಹೆಸರು ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುವಾದರೆ ತಾನೇ ಸಾಲಾಗಿ ಕೂರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದಾದರೂ ಬೇರೆ ಮನೆಯಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಿ.

ಕಾಗದಪತ್ರಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಬಿಲ್ಲಿನ ಯಂತ್ರದ ನುಣುಪು ಚೀಟಿಗಳು. ಅವು ಶಾಖಕ್ಕೆ ಕಪ್ಪಾಗುವ ಕಾಗದ. ಬೆಳಕು, ಸೆಕೆ, ಪ್ಲಾಸ್ಟಿಕ್ ಲಕೋಟೆ ಯಾವುದು ತಾಗಿದರೂ ಅಕ್ಷರ ಮಾಯ. ಇವತ್ತೇ ಫೋಟೋ ತೆಗೆಯಿರಿ. ಲೆಕ್ಕದ ಪುಸ್ತಕಗಳನ್ನು 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ), ಹಳೆಯ ಫೋಟೋಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸಾಕು. ಲ್ಯಾಮಿನೇಷನ್ ಮಾಡಿಸಲೇಬೇಡಿ, ಒಮ್ಮೆ ಮಾಡಿಸಿದ್ದನ್ನು ಬಿಡಿಸಲಾಗದು. ಸೆಲ್ಲೊಟೇಪಿನ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಎಣ್ಣೆ ಕುಡಿದ ಹಾಳೆಗಳ ನಡುವೆ ಆಮ್ಲರಹಿತ ಕಾಗದ ಇಡಿ, ಇಲ್ಲದಿದ್ದರೆ ಎಣ್ಣೆ ಪಕ್ಕದ ಹಾಳೆಗೂ ಹಬ್ಬುತ್ತದೆ. ಹುಳು ಬಿದ್ದಿದ್ದರೆ ಗಾಳಿಯಾಡದ ಕವರಿನಲ್ಲಿ ಮುಚ್ಚಿ, ಸೊನ್ನೆಗಿಂತ 18–20 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಕವರು ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಹಾಳೆಯ ಮೇಲೆಯೇ ನೀರು ಕೂರುತ್ತದೆ. ಅಂಟಿನ ಆಲ್ಬಮ್ಮಿಗೆ ಕಚ್ಚಿಕೊಂಡ ಫೋಟೋವನ್ನು ಹಲ್ಲಿನ ನಡುವೆ ಎಳೆಯುವ ಫ್ಲಾಸ್ ದಾರದಿಂದ ಮೆಲ್ಲಗೆ ಗರಗಸದಂತೆ ಎಳೆದು ಬಿಡಿಸಬಹುದು. ಗಾಜಿಗೇ ಅಂಟಿದ್ದರೆ ಕೀಳಬೇಡಿ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ.

ಉದ್ರಿ ಪುಸ್ತಕದ ಬಗ್ಗೆ ಎಚ್ಚರ. ಅದು ನಿಮ್ಮ ಅಜ್ಜಿಯದಾದರೂ ಒಳಗಿರುವುದು ಬೇರೆಯವರ ಸಾಲ. ಪ್ರದರ್ಶನಕ್ಕಿಡುವ ಮೊದಲು ಹೆಸರು ಮುಚ್ಚಿ.

ಲೆಕ್ಕದ ಪುಸ್ತಕವನ್ನು ಓದುವುದೇ ಒಂದು ಕೆಲಸ. ಮೂರು ತಿಂಗಳಿನದ್ದು ಆರಿಸಿಕೊಂಡು ಎಣ್ಣೆ, ಹಿಟ್ಟು, ಹಾಲು, ಇಂಧನ ಎಂದು ಬೇರೆ ಬೇರೆ ಕಲಮಿನಲ್ಲಿ ಬರೆಯಿರಿ. ವಾರದ ಯಾವ ದಿನ ಖರೀದಿ ಏರುತ್ತದೆ, ತಿಂಗಳ ಯಾವ ಹೊತ್ತಿಗೆ ಉದ್ರಿ ತೀರುತ್ತದೆ ಎಂದು ಕಾಣುತ್ತದೆ. ಊರಿನವರ ಕೈಯಲ್ಲಿ ಹಣ ಓಡಾಡಿದ ದಿನಗಳೇ ಅವು. ಹಾಲಿನ ಖರೀದಿ ಒಂದು ತಿಂಗಳಿನಿಂದ ದಿಢೀರನೆ ಹೆಚ್ಚಿದ್ದರೆ ಪಕ್ಕದಲ್ಲಿ ಶಾಲೆಯೋ ಬಸ್ ನಿಲ್ದಾಣವೋ ಬಂದಿರಬೇಕು, ವಿಚಾರಿಸಿ. ಒಂದು ಸಾಲು ಮಾತ್ರ ಎಷ್ಟು ಹುಡುಕಿದರೂ ಸಿಗದು, ಅಜ್ಜಿಯ ಸಂಬಳ. ಅಡುಗೆಯವರಿಗೆ ಇಷ್ಟು, ಪಾತ್ರೆ ತೊಳೆಯುವವರಿಗೆ ಇಷ್ಟು ಎಂದು ಇರುತ್ತದೆ, ಅವರ ಹೆಸರಿನ ಮುಂದೆ ಏನೂ ಇರುವುದಿಲ್ಲ. ಬೆಳಿಗ್ಗೆ 4ರಿಂದ ರಾತ್ರಿ 10ರವರೆಗೆ, ನಡುವೆ 3 ಗಂಟೆ ಬಿಡುವು ಎಂದರೆ ದಿನಕ್ಕೆ 15 ಗಂಟೆ. ವಾರಕ್ಕೆ ಆರೂವರೆ ದಿನ ಎಂದು ಹಿಡಿದರೂ 97 ಗಂಟೆ ದಾಟುತ್ತದೆ. ಎಂಟು ಗಂಟೆಯ ಆರು ದಿನದ ಪಾಳಿಗೆ 48 ಗಂಟೆ. ಅಂದರೆ ಇಬ್ಬರು ಆಳಿನ ಕೆಲಸ. ಆ ಕಾಲದ ಅಡುಗೆಯವರ ಕೂಲಿಯಲ್ಲಿ ಇದನ್ನು ಲೆಕ್ಕ ಹಾಕಿ, "ಲಾಭ" ಎಂದು ಬರೆದ ಮೊತ್ತದಿಂದ ಕಳೆಯಿರಿ. ಎಷ್ಟೋ ಸಲ ಏನೂ ಉಳಿಯುವುದಿಲ್ಲ. ಹೋಟೆಲು ಲಾಭದಲ್ಲಿತ್ತು ಎಂಬ ಮನೆಯ ಮಾತಿಗೆ ಆಗ ಬೇರೆಯೇ ಅರ್ಥ ಬರುತ್ತದೆ. ನುಡಿನಮನ ಬರೆಯುವವರು ಈ ಒಂದು ಲೆಕ್ಕ ಮಾಡಿದರೂ ಹತ್ತು ವಿಶೇಷಣ ಬಿಡಬಹುದು.

ಕಟ್ಟಡ ಇನ್ನೂ ಇದ್ದರೆ ನಕ್ಷೆ ಬರೆಯಿರಿ. ಒಂದು ಮೀಟರಿಗೆ 5 ಸೆಂಟಿಮೀಟರ್ ಸಾಕು. ಒಲೆಯ ಎತ್ತರ, ಗಲ್ಲಾ ಇದ್ದ ಜಾಗ, ಬಾಗಿಲಿನ ದಿಕ್ಕು ಎಲ್ಲ ಗುರುತಿಸಿದ ಮೇಲೆ ಅವರು ನಿಲ್ಲುತ್ತಿದ್ದ ಕಡೆ ನಿಂತು ನೋಡಿ. ಒಲೆ, ಗಲ್ಲಾ, ಬಾಗಿಲು ಮೂರೂ ಒಂದೇ ನೋಟಕ್ಕೆ ಸಿಗುತ್ತಿವೆಯೇ? ಸಿಗುತ್ತಿದ್ದರೆ ಆ ಜೋಡಣೆ ಅವರದೇ ಯೋಜನೆ ಇರಬೇಕು.

ಮಕ್ಕಳಲ್ಲೇ ಜಗಳ ಬರುವುದು ಸಹಜ. ಹಿರಿಯ ಮಗ ಹೇಳುವ ರುಚಿ ಒಂದು, ಕಿರಿಯ ಮಗಳು ಹೇಳುವುದು ಇನ್ನೊಂದು. ಇಬ್ಬರದೂ ಸರಿ ಇರುವ ಸಾಧ್ಯತೆಯೇ ಹೆಚ್ಚು. ಮೂವತ್ತು ವರ್ಷದಲ್ಲಿ ಎಣ್ಣೆ ಬದಲಾಗಿದೆ, ಕಲ್ಲು ಹೋಗಿ ಯಂತ್ರ ಬಂದಿದೆ, ಸೌದೆ ಹೋಗಿ ಗ್ಯಾಸ್ ಬಂದಿದೆ. ವೇಗದ ಯಂತ್ರದಲ್ಲಿ ರುಬ್ಬಿದ್ದು ಬಿಸಿಯಾಗುತ್ತದೆ, ಕಣ ನುಣುಪಾಗುತ್ತದೆ, ರುಚಿ ಬೇರೆ. ತೀರ್ಪು ಕೊಡಲು ಹೋಗಬೇಡಿ. ಯಾರು ಹೇಳಿದ್ದು, ಯಾವ ಕಾಲದ್ದು ಎಂದು ಬರೆದು ಎರಡನ್ನೂ ಇಟ್ಟುಕೊಳ್ಳಿ.

ವರ್ಷದ ನೆನಪಿಗೆ ಅವರ ಅಡುಗೆಯನ್ನೇ ನೂರು ಜನಕ್ಕೆ ಬಡಿಸುವ ಆಸೆ ಹಲವರಿಗೆ. ಒಳ್ಳೆಯದೇ, ಆದರೆ ಮನೆಯವರು ಅಳತೆಗಿಂತ ಹೆಚ್ಚಾಗಿ ಎಡವುವುದು ತಣಿಸುವುದರಲ್ಲಿ. ಹಿಂದಿನ ರಾತ್ರಿ ಮಾಡಿದ ದೊಡ್ಡ ಪಾತ್ರೆಯ ಅಡುಗೆಯನ್ನು ಹಾಗೇ ಮುಚ್ಚಿಟ್ಟರೆ ಮೇಲೆ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ರೋಗಾಣುಗಳಿಗೆ ಬೇಕಾದ್ದು ಅದೇ. ಅನ್ನದಲ್ಲಿ ಬೇಸಿಲಸ್ ಸೀರಿಯಸ್, ಮಾಂಸದ ಸಾರುಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಹೆಚ್ಚಾಗಿ ಕಾಡುವಂಥವು. 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮತ್ತೆ ನಾಲ್ಕು ಗಂಟೆಯೊಳಗೆ ಇಳಿಯಬೇಕು. 5 ಸೆಂಟಿಮೀಟರಿಗಿಂತ ಆಳವಿಲ್ಲದ ತಟ್ಟೆಗಳಿಗೆ ಹಂಚಿ ತಣಿಸಿದರೆ ಸಾಧ್ಯ. ಮತ್ತೆ ಬಿಸಿ ಮಾಡುವಾಗ ನಡುಭಾಗ 75 ಡಿಗ್ರಿ ಮುಟ್ಟಲಿ. ಬೇಸಿಲಸ್ ಬಿಟ್ಟ ವಿಷ ಮರುಬಿಸಿಗೂ ಹೋಗುವುದಿಲ್ಲ, ಆದ್ದರಿಂದ "ಬೆಳಿಗ್ಗೆ ಚೆನ್ನಾಗಿ ಕುದಿಸಿದರಾಯಿತು" ಎಂಬ ಧೈರ್ಯ ಬೇಡ. ಸಾಧ್ಯವಾದರೆ ಅವತ್ತೇ ಮಾಡಿ ಅವತ್ತೇ ಬಡಿಸಿ. ಅವರೂ ಹಾಗೇ ಮಾಡುತ್ತಿದ್ದದ್ದು.

ಕೊನೆಯಲ್ಲಿ ಸಭಿಕರಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

ತಕ್ಕಡಿ ಕಂಡರೆ ಅಜ್ಜಿ ಸಿಟ್ಟಾಗುತ್ತಾರೆ, "ನನ್ನ ಕೈ ಮೇಲೆ ನಂಬಿಕೆ ಇಲ್ಲವಾ" ಎನ್ನುತ್ತಾರೆ, ಏನು ಮಾಡುವುದು? ಕದ್ದು ತೂಗಬೇಡಿ, ಗೊತ್ತಾದರೆ ಬಾಗಿಲೇ ಮುಚ್ಚಿಹೋಗುತ್ತದೆ. ತೂಗುತ್ತಿರುವುದು ನಮ್ಮ ಕೈಗೆ ಅಷ್ಟು ಬುದ್ಧಿ ಇಲ್ಲದ್ದಕ್ಕೆ ಎಂದು ಹೇಳಿ. ಒಂದೇ ಅಡುಗೆಯನ್ನು ಮೂರು ದಿನ ತೂಗಿ, ಉಪ್ಪು ಮೂರು ಸಲವೂ ಎರಡು ಮೂರು ಗ್ರಾಂ ಒಳಗೇ ಬಂದದ್ದನ್ನು ಅವರಿಗೇ ತೋರಿಸಿ. ಆಮೇಲೆ ತಕ್ಕಡಿ ಎಲ್ಲಿ ಎಂದು ಅವರೇ ಕೇಳುವುದುಂಟು.

ಹೋಟೆಲು ಮುಚ್ಚಿ ಇಪ್ಪತ್ತು ವರ್ಷ, ಅಜ್ಜಿಯೂ ಇಲ್ಲ, ಪುಸ್ತಕವೂ ಇಲ್ಲ. ಎಲ್ಲಿಂದ ಶುರು ಮಾಡುವುದು? ದಿನಾ ಬರುತ್ತಿದ್ದ ಗಿರಾಕಿಗಳಿಂದ. ರುಚಿ ಹೇಗಿತ್ತು ಎಂದು ಮೊದಲೇ ಕೇಳಬೇಡಿ, ಎಲ್ಲರೂ ಅಮೃತ ಎನ್ನುತ್ತಾರೆ. ಎಲ್ಲಿ ಕೂರುತ್ತಿದ್ದಿರಿ, ಎಷ್ಟು ಹೊತ್ತಿಗೆ, ಕೂತಲ್ಲಿಂದ ಏನು ಕಾಣುತ್ತಿತ್ತು ಎಂದು ಕೇಳಿ, ಖಾಲಿ ನಕ್ಷೆಯ ಮೇಲೆ ಗುರುತು ಹಾಕಿಸಿ. ದಿನಸಿ ತರಿಸುತ್ತಿದ್ದ ಅಂಗಡಿಯವರು, ಪಾತ್ರೆ ತೊಳೆಯುತ್ತಿದ್ದವರು, ಹಾಲು ಹಾಕುತ್ತಿದ್ದವರು ಆಮೇಲೆ. ಒಂದು ಅಡುಗೆಯ ಅಂದಾಜು ಸಿಕ್ಕ ಮೇಲೆ ಅದನ್ನು ಮೂರು ಉಪ್ಪಿನಲ್ಲಿ ಮಾಡಿ: ಶೇ. 0.7, 0.9, 1.1. ಬಟ್ಟಲುಗಳಿಗೆ ಬರೀ ಅಕ್ಷರ ಬರೆದು, ಯಾವುದರಲ್ಲಿ ಎಷ್ಟು ಎಂದು ಹೇಳದೆ ಹಳೆಯ ಗಿರಾಕಿಗಳಿಗೆ ಕೊಡಿ. ನಡುವೆ ಒಂದೊಂದು ಗುಟುಕು ನೀರು ಕುಡಿಯಲಿ. ಉತ್ತರವನ್ನು ಒಬ್ಬೊಬ್ಬರಿಂದಲೂ ಚೀಟಿಯಲ್ಲಿ ಬರೆಸಿಕೊಳ್ಳಿ. ಒಬ್ಬರು ಜೋರಾಗಿ ಹೇಳಿಬಿಟ್ಟರೆ ಮಿಕ್ಕವರೆಲ್ಲ ಅದನ್ನೇ ಹೇಳುತ್ತಾರೆ.